ನಾಯಿ, ಬೆಕ್ಕಿಗೆ ಇನ್ಶೂರೆನ್ಸ್ ಮಾಡಿಸಬೇಕಾ? ಪಶುವೈದ್ಯರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೈಸೂರಿನ ನಮ್ಮ ಡಾಕ್ಟರ್ ಇವತ್ತು ಸಾಕುಪ್ರಾಣಿಗಳ ವಿಮೆ ಬಗ್ಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ, ದಯವಿಟ್ಟು.

ಸರಸ್ವತಿಪುರಂ ಸದಸ್ಯೆ: ಮೂರು ತಿಂಗಳ ಲ್ಯಾಬ್ರಡಾರ್ ಮರಿ ತಂದಿದ್ದೇವೆ. ವಿಮೆ ಮಾಡಿಸಿದರೆ ಉಪಯೋಗವಿದೆಯಾ, ಸುಮ್ನೆ ದುಡ್ಡು ದಂಡವಾ?

ಡಾಕ್ಟರ್: ಮಾಡಿಸುವುದಿದ್ದರೆ ಇದೇ ವಯಸ್ಸು. ದಿಢೀರನೆ ದೊಡ್ಡ ಬಿಲ್ ಬಂದರೆ ಕಟ್ಟಲು ಕೈಯಲ್ಲಿ ಹಣ ಇರುತ್ತದಾ ಅಂತ ಯೋಚಿಸಿ. ಇರುವುದಿಲ್ಲ ಅನ್ನಿಸಿದರೆ ಮಾಡಿಸಿ. ಲಸಿಕೆ, ಜಂತುಹುಳದ ಔಷಧಿಗೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಲ್ಯಾಬ್ರಡಾರ್‌ಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಹುಟ್ಟಿನಿಂದ, ವಂಶದಿಂದ ಬರುವ ಕಾಯಿಲೆಗಳನ್ನು ಪಾಲಿಸಿ ಹೊರಗಿಟ್ಟಿದೆಯಾ ನೋಡಿ. ಲಸಿಕೆ ಪುಸ್ತಕ ಜೋಪಾನ. ಅದಿಲ್ಲದೆ ಪಾರ್ವೊ, ಡಿಸ್ಟೆಂಪರ್‌ನಂಥ ವೈರಸ್ ಕಾಯಿಲೆ ಬಂದರೆ ಕ್ಲೇಮ್ ನಿಲ್ಲುವುದು ಕಷ್ಟ.

ವಿಜಯನಗರ ಸದಸ್ಯ: ಯಾವ ಕಂಪನಿ ಒಳ್ಳೆಯದು ಸರ್?

ಡಾಕ್ಟರ್: ಹೆಸರು ಹೇಳುವುದಿಲ್ಲ. ಯಾವುದಕ್ಕೆ ಹಣ ಕೊಡುವುದಿಲ್ಲ ಅಂತ ಬರೆದ ಪುಟ ಮೊದಲು ಓದಿ.

ಮದ್ದೂರು ಸದಸ್ಯ: ನಮ್ಮದು ಬೀದಿಯಿಂದ ತಂದ ನಾಯಿ, ಒಂಬತ್ತು ವರ್ಷ. ಸಿಗುತ್ತಾ?

ಡಾಕ್ಟರ್: ನಾಡತಳಿ ಅನ್ನುವುದು ಅಡ್ಡಿಯಲ್ಲ, ವಯಸ್ಸು ಅಡ್ಡಿ. ಈ ವಯಸ್ಸಿಗೆ ಹೊಸ ಪಾಲಿಸಿ ಸಿಗುವುದು ಕಷ್ಟ. ತಿಂಗಳು ತಿಂಗಳು ಅವನ ಹೆಸರಲ್ಲಿ ಸ್ವಲ್ಪ ಹಣ ಬೇರೆ ಇಡಿ.

ಶ್ರೀರಂಗಪಟ್ಟಣ ಸದಸ್ಯೆ: ಆರು ವರ್ಷದ ಹೆಣ್ಣು ಜರ್ಮನ್ ಶೆಫರ್ಡ್. ಹೋದ ತಿಂಗಳು ಹೀಟ್‌ಗೆ (ಬೆದೆಗೆ) ಬಂದಿದ್ದಳು. ನಾಲ್ಕು ದಿನದಿಂದ ಊಟ ಮುಟ್ಟುತ್ತಿಲ್ಲ, ನೀರು ಮಾತ್ರ ಬಹಳ ಕುಡಿಯುತ್ತಾಳೆ. ಹಿಂದಿನಿಂದ ಕೀವಿನ ಹಾಗೆ ಸೋರುತ್ತಿದೆ. ಈಗ ವಿಮೆ ಮಾಡಿಸಿ ಒಂದು ತಿಂಗಳು ಬಿಟ್ಟು ತೋರಿಸಿದರೆ ಖರ್ಚು ಸಿಗುತ್ತಾ?

ಡಾಕ್ಟರ್: ಅಮ್ಮಾ, ಬೇರೆ ಪ್ರಶ್ನೆಗಳೆಲ್ಲ ಇರಲಿ, ಇದನ್ನು ಮೊದಲು ಓದಿ. ಒಂದು ತಿಂಗಳು ಅವಳು ಉಳಿಯದೇ ಇರಬಹುದು. ನೀವು ಹೇಳಿದ್ದೆಲ್ಲ ಪಯೋಮೆಟ್ರಾ ಕಡೆಗೆ ಬೆರಳು ತೋರಿಸುತ್ತದೆ. ಅಂದರೆ ಗರ್ಭಕೋಶದಲ್ಲಿ ಕೀವು ತುಂಬುವುದು. ಸಂತಾನಹರಣ ಆಪರೇಷನ್ ಆಗದ ಹೆಣ್ಣುನಾಯಿಗಳಲ್ಲಿ ಸಾಮಾನ್ಯವಾಗಿ ಹೀಟ್ ಮುಗಿದ ಒಂದೆರಡು ತಿಂಗಳ ಒಳಗೆ ಬರುತ್ತದೆ. ವಿಷ ರಕ್ತಕ್ಕೆ ಸೇರಿ ಕಿಡ್ನಿ ಕೆಡುತ್ತದೆ, ಅಷ್ಟೊಂದು ನೀರು ಕುಡಿಯುವುದು ಅದಕ್ಕೇ. ಸೋರುವುದು ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಗರ್ಭಕೋಶದ ಬಾಯಿ ಮುಚ್ಚಿಕೊಂಡು ಕೀವು ಒಳಗೇ ನಿಂತರೆ ಅಪಾಯ ಇನ್ನೂ ಜಾಸ್ತಿ, ಒಡೆಯಲೂಬಹುದು. ಇವತ್ತೇ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡಿಸಿ. ಖಚಿತವಾದರೆ ಡ್ರಿಪ್ ಕೊಟ್ಟು, ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಬೇಕು. ಬರೀ ಆಂಟಿಬಯೋಟಿಕ್ ಕೊಟ್ಟು ಕಾಯುವ ಕಾಯಿಲೆ ಅಲ್ಲ.

ವಿಮೆ ಇದಕ್ಕೆ ಸಿಗುವುದಿಲ್ಲ. ಪಾಲಿಸಿಗೆ ಮೊದಲೇ ಲಕ್ಷಣ ಕಂಡ ಕಾಯಿಲೆಯನ್ನು ಸೇರಿಸುವುದಿಲ್ಲ. ಮುಚ್ಚಿಟ್ಟರೆ ಪಾಲಿಸಿಯೂ ಹೋಗುತ್ತದೆ. ಖರ್ಚು ಕಷ್ಟ ಅಂದರೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ, ನಾನೂ ಮಾತಾಡುತ್ತೇನೆ. ಎಷ್ಟು ಹೊತ್ತಿಗೆ ಹೊರಡುತ್ತೀರಿ, ಬರೆಯಿರಿ.

ಕುವೆಂಪುನಗರ ಸದಸ್ಯ: ಬೆಳ್ಳುಳ್ಳಿ ಅರೆದು ಅರಿಶಿನದ ಹಾಲಿನಲ್ಲಿ ಮೂರು ದಿನ ಕೊಟ್ಟರೆ ಕೀವು ಒಣಗುತ್ತೆ ಅಂತ ಫಾರ್ವರ್ಡ್ ಬಂದಿದೆ. ನೋಡಿ.

ಡಾಕ್ಟರ್: ದಯವಿಟ್ಟು ಅಳಿಸಿ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಅವಳಿಗೆ ಮೂರು ದಿನ ಇಲ್ಲ.

ಜಯಲಕ್ಷ್ಮೀಪುರಂ ಸದಸ್ಯೆ: ನಮ್ಮ ಬೀಗಲ್‌ಗೆ ಉಣ್ಣೆಜ್ವರ ಬಂದಾಗ ಅಡ್ಮಿಟ್ ಖರ್ಚಿನಲ್ಲಿ ಮುಕ್ಕಾಲು ಪಾಲು ವಾಪಸ್ ಬಂತು. ವಿಮೆ ಒಳ್ಳೆಯದೇ.

ಕುವೆಂಪುನಗರ ಸದಸ್ಯ: ನಿಮಗೆ ಬಂತು. ನಮಗೆ ಚೀಟಿಯಲ್ಲಿ ‘ಹಳೇ ತುರಿಕೆ’ ಅಂತ ಬರೆದಿದ್ದಕ್ಕೆ ಒಂದು ರೂಪಾಯಿ ಬರಲಿಲ್ಲ. ಎಲ್ಲ ಮೋಸ.

ಜಯಲಕ್ಷ್ಮೀಪುರಂ ಸದಸ್ಯೆ: ಹಳೇ ಕಾಯಿಲೆಗೆ ಕೊಡಲ್ಲ ಅಂತ ಡಾಕ್ಟರ್ ಈಗ ತಾನೇ ಹೇಳಿದರಲ್ವಾ? ಪಾಲಿಸಿ ಓದದೆ ಮೋಸ ಅನ್ನಬೇಡಿ.

ವಿಜಯನಗರ ಸದಸ್ಯ: ಖರ್ಚು ಮಾಡಲು ಆಗದವರು ನಾಯಿ ಸಾಕಬಾರದು, ಅಷ್ಟೇ.

ಮದ್ದೂರು ಸದಸ್ಯ: ಬೀದಿಯಲ್ಲಿ ಸಾಯುತ್ತಿದ್ದ ಮರಿಯನ್ನು ಎತ್ತಿಕೊಂಡು ಬಂದವರು ನಾವು. ಸಾಕುವುದು ಹೇಗೆ ಅಂತ ನಿಮ್ಮಿಂದ ಕಲಿಯಬೇಕಿಲ್ಲ.

ಅಡ್ಮಿನ್: ಜಗಳ ನಿಲ್ಲಿಸಿ.

ಪಾಂಡವಪುರ ಸದಸ್ಯ: ಡೈರಿಯಲ್ಲಿ ಹಸುವಿಗೆ ವಿಮೆ ಮಾಡಿಸಿದ್ದೇವೆ. ಕೆಚ್ಚಲು ಬಾವಿನ ಔಷಧಿಗೆ ಹಣ ಬರುತ್ತಾ?

ಡಾಕ್ಟರ್: ಸಾಮಾನ್ಯವಾಗಿ ಇಲ್ಲ. ಅದು ಹಸು ಸತ್ತರೆ ಬರುವ ಹಣ. ವಿಮೆಯ ಗುರುತಿಗೆ ಹಾಕಿದ ಕಿವಿಯ ಓಲೆ ಬಿದ್ದರೆ ಕೂಡಲೇ ತಿಳಿಸಿ ಹೊಸದು ಹಾಕಿಸಿ.

ಗೋಕುಲಂ ಸದಸ್ಯೆ: ಪರ್ಷಿಯನ್ ಬೆಕ್ಕಿಗೆ ಎಷ್ಟು ಪ್ರೀಮಿಯಂ ಆಗಬಹುದು? ಈಗ ಜ್ವರ ಇದೆ, ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಸಾಕು ಅಂತ ಇನ್ನೊಂದು ಗುಂಪಿನಲ್ಲಿ ಹಾಕಿದ್ದರು.

ಡಾಕ್ಟರ್: ಕೊಡಬೇಡಿ! ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು. ಕೊಟ್ಟಿದ್ದರೆ ಈ ಕ್ಷಣ ಆಸ್ಪತ್ರೆಗೆ ಹೋಗಿ. ಇಂಥ ಫಾರ್ವರ್ಡ್ ಕಳಿಸುವವರು ಪ್ರಾಣಿಯ ಜೀವದ ಜೊತೆ ಆಡುತ್ತಿದ್ದೀರಿ.

ಗೋಕುಲಂ ಸದಸ್ಯೆ: ಕೊಟ್ಟಿಲ್ಲ ಡಾಕ್ಟ್ರೇ. ಪ್ರೀಮಿಯಂ ಎಷ್ಟು ಅಂತ ಹೇಳಲಿಲ್ಲ?

ಹೆಬ್ಬಾಳ ಸದಸ್ಯ: ಯಾವ ಕಂಪನಿ ತಗೋಬೇಕು?

ಡಾಕ್ಟರ್: ಮೇಲೆ ಹೇಳಿದ್ದೇನೆ. ಶ್ರೀರಂಗಪಟ್ಟಣದವರು ಎಲ್ಲಿದ್ದೀರಿ?

ಶ್ರೀರಂಗಪಟ್ಟಣ ಸದಸ್ಯೆ: ಕಾರಿನಲ್ಲಿ ಹೊರಟಿದ್ದೇವೆ. ದಾರಿಯಲ್ಲಿ ಹಾಲು ಕುಡಿಸಲಾ?

ಡಾಕ್ಟರ್: ಏನೂ ಬೇಡ. ಅರಿವಳಿಕೆ ಕೊಡಬೇಕಾಗಬಹುದು. ಹೊಟ್ಟೆ ಒತ್ತದ ಹಾಗೆ ಮಲಗಿಸಿ ಕರೆತನ್ನಿ.