ತಂದೆ-ತಾಯಂದಿರಿಗೆ ಧ್ಯಾನ ಎಷ್ಟು ನೆರವಾಗುತ್ತದೆ? – ಆಪ್ತಸಮಾಲೋಚಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ): ನಮಸ್ಕಾರ ಮೇಡಂ. ನನಗೆ ಏಳು ವರ್ಷದ ಮಗ, ಮೂರು ವರ್ಷದ ಮಗಳು ಇದ್ದಾರೆ. ಸಂಜೆ ಇಬ್ಬರೂ ಹಟ ಹಿಡಿದಾಗ ಕೂಗಾಡಿಬಿಡುತ್ತೇನೆ. ಅವರು ಮಲಗಿದ ಮೇಲೆ ಅದನ್ನೇ ನೆನೆದು ಕೊರಗುತ್ತೇನೆ. ಧ್ಯಾನ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಅದರಿಂದ ನಿಜವಾಗಿ ಆಗುವುದೇನು ಎಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನು ಮೊದಲು ಬದಿಗಿಡೋಣ. ನೀವು ಧ್ಯಾನ ಮಾಡಿದಿರೆಂದು ಮಗಳು ಹಟ ಬಿಡುವುದಿಲ್ಲ; ಭಾವನೆಗಳನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕು, ಮೂರು ವರ್ಷದ ಮಗುವಿನಲ್ಲಿ ಅದಿನ್ನೂ ಆರಂಭದ ಹಂತದಲ್ಲಿರುತ್ತದೆ.

ಬದಲಾಗಬಹುದಾದದ್ದು ನಿಮ್ಮ ಸಿಟ್ಟು ನಿಮಗೆ ತಿಳಿಯುವ ಹೊತ್ತು. ಸಿಟ್ಟು ಮಾತಾಗಿ ಹೊರಬರುವ ಮೊದಲೇ ದವಡೆ ಬಿಗಿಯುತ್ತದೆ, ಭುಜಗಳು ಸೆಟೆಯುತ್ತವೆ, ಉಸಿರು ಗಿಡ್ಡವಾಗುತ್ತದೆ; ನಮ್ಮಲ್ಲಿ ಬಹುತೇಕರಿಗೆ ಇವು ಗಮನಕ್ಕೆ ಬರುವುದು ಕೂಗಿಯಾದ ಮೇಲೆ. ಉಸಿರಿನ ಮೇಲೆ ಗಮನವಿಟ್ಟು ಕುಳಿತಾಗ ಮನಸ್ಸು ಎಲ್ಲಿಗೋ ಹೋಗುತ್ತದೆ, ಹೋಯಿತೆಂದು ತಿಳಿಯುತ್ತದೆ, ಮರಳಿ ತರುತ್ತೇವೆ. ಹೀಗೆ ತಿಳಿದುಕೊಳ್ಳುವುದೇ ಇಲ್ಲಿನ ಅಭ್ಯಾಸ. ಆದ್ದರಿಂದ ಮನಸ್ಸು ನಿಲ್ಲುವುದೇ ಇಲ್ಲ ಎಂದು ಬೇಸರಪಟ್ಟು ಎದ್ದುಹೋಗುವವರು ಸರಿಯಾಗಿ ನಡೆಯುತ್ತಿದ್ದುದನ್ನೇ ನಿಲ್ಲಿಸುತ್ತಾರೆ. ದಿನಕ್ಕೆ ಐದು ನಿಮಿಷ, ಮಕ್ಕಳು ಏಳುವ ಮೊದಲೋ ಮಲಗಿದ ಮೇಲೋ ಕುಳಿತರೆ ಆರಂಭಕ್ಕೆ ಸಾಕು. ಜಗಳದ ನಡುವೆಯೇ ಇದನ್ನು ಕಲಿಯಲು ಹೊರಟರೆ ಕೈಗೂಡುವುದಿಲ್ಲ.

ಸಂಜೆಯ ಆ ಹೊತ್ತಿಗೆ ಬೇಕಾದದ್ದು ಇಷ್ಟೇ: ದವಡೆ ಬಿಗಿಯಿತೆಂದು ತಿಳಿದೊಡನೆ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಎರಡು ಮೂರು ಬಾರಿ ಹೊರಬಿಡಿ. ಉಸಿರು ಹೊರಹೋಗುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ತುಸು ತಗ್ಗುತ್ತದೆ. ಸಿಟ್ಟು ಅಲ್ಲಿಗೇ ಮಾಯವಾಗುವುದಿಲ್ಲ, ಆದರೆ ಮುಂದಿನ ಮಾತನ್ನು ಆರಿಸಿಕೊಳ್ಳುವಷ್ಟು ಬಿಡುವು ಸಿಗುತ್ತದೆ. ಅಷ್ಟಾಗಿಯೂ ಕೂಗಿದ ದಿನ ರಾತ್ರಿಯೆಲ್ಲ ಕೊರಗುವ ಬದಲು ಮಗನ ಪಕ್ಕ ಕುಳಿತು, ನಾನು ಕೂಗಿದ್ದು ತಪ್ಪಾಯಿತು ಎಂದು ನೇರವಾಗಿ ಹೇಳಿ. ತಾಯಿ ಮತ್ತು ಹಸುಗೂಸುಗಳ ಒಡನಾಟವನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಅವರು ತೋರಿಸಿಕೊಟ್ಟಂತೆ, ಒಳ್ಳೆಯ ಸಂಬಂಧಗಳಲ್ಲಿಯೂ ಹೊಂದಾಣಿಕೆ ಪದೇಪದೇ ತಪ್ಪುತ್ತದೆ. ಅದನ್ನು ಮತ್ತೆ ಸರಿಪಡಿಸಿಕೊಳ್ಳುವುದರಿಂದ ಮಗುವಿನ ನಂಬಿಕೆ ಬೆಳೆಯುತ್ತದೆ.

ಪ್ರಶ್ನೆ (ಒಬ್ಬ ತಂದೆ): ಇದಕ್ಕೆ ವೈಜ್ಞಾನಿಕ ಆಧಾರವಿದೆಯೇ, ಅಥವಾ ಕೇವಲ ನಂಬಿಕೆಯೇ? ನನಗೆ ಕಣ್ಣು ಮುಚ್ಚಿ ಕೂರುವುದೆಂದರೆ ಆಗುವುದಿಲ್ಲ.

ಉತ್ತರ: ಆಧಾರವಿದೆ ಸರ್, ಆದರೆ ಪ್ರಚಾರದಲ್ಲಿ ಹೇಳುವಷ್ಟು ಇಲ್ಲ. 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ದೀರ್ಘಕಾಲದ ನೋವಿನಂತಹ ತೊಂದರೆಯಿರುವ ರೋಗಿಗಳಿಗೆಂದು ಆರಂಭಿಸಿದ ಧ್ಯಾನದ ತರಬೇತಿ ಮುಂದೆ 8 ವಾರಗಳ ಕ್ರಮವಾಗಿ ಹರಡಿತು. ಆ ಬಗೆಯ ತರಬೇತಿಯನ್ನು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಸೂಸನ್ ಬೋಗಲ್ಸ್ ಮತ್ತವರ ಸಂಗಡಿಗರು ತಂದೆ-ತಾಯಂದಿರಿಗಾಗಿ ರೂಪಿಸಿದರು. 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2014ರ ಒಂದು ವಿಮರ್ಶೆಯು ಧ್ಯಾನದಿಂದ ಆತಂಕ ಮತ್ತು ಖಿನ್ನತೆ ಒಂದಿಷ್ಟು ತಗ್ಗುವುದನ್ನು ಕಂಡಿತು. ಆದರೆ ವ್ಯಾಯಾಮದಂತಹ ಇತರ ಉಪಾಯಗಳಿಗಿಂತ ಅದು ಮೇಲೆಂಬುದಕ್ಕೆ ಆಧಾರ ಸಿಗಲಿಲ್ಲ. ಹಾಗಾಗಿ ಕೂರಲಾಗದವರನ್ನು ನಾನು ಒತ್ತಾಯಿಸುವುದಿಲ್ಲ. ಫೋನನ್ನು ಮನೆಯಲ್ಲೇ ಬಿಟ್ಟು, ಪಾದ ನೆಲಕ್ಕೆ ತಾಗುವುದನ್ನು ಗಮನಿಸುತ್ತ ನಡೆಯಿರಿ. ಹಿಂದಿನ ಆಘಾತವೊಂದರ ನೆನಪು ಮರುಕಳಿಸುವವರು ಕಣ್ಣು ತೆರೆದೇ ಇರಲಿ, ಕಷ್ಟವೆನಿಸಿದರೆ ನಿಲ್ಲಿಸಲಿ.

ಪ್ರಶ್ನೆ (ಹೊಸ ತಾಯಿ): ಮಗುವಿಗೆ ಎರಡು ತಿಂಗಳು. ಕೆಲವು ವಾರಗಳಿಂದ ಸುಮ್ಮಸುಮ್ಮನೆ ಅಳು ಬರುತ್ತದೆ. ನಾನೂ ಧ್ಯಾನ ಆರಂಭಿಸಲೇ?

ಉತ್ತರ: ಧ್ಯಾನ ಆಮೇಲೆ ನೋಡೋಣಮ್ಮ, ಮೊದಲು ವೈದ್ಯರನ್ನು ಕಾಣಿ. ಹೆರಿಗೆಯ ನಂತರದ ಮೊದಲ ದಿನಗಳ ಅಳು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ಅದನ್ನು ಮೀರಿ ಉಳಿದರೆ ಹೆರಿಗೆಯ ನಂತರದ ಖಿನ್ನತೆಯಿರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಿದ್ದೆಗೆಟ್ಟ ದೇಹಕ್ಕೆ ಧ್ಯಾನವು ನಿದ್ದೆಯ ಬದಲಿಯೂ ಅಲ್ಲ. ರಾತ್ರಿಯ ಒಂದು ಸರದಿಯನ್ನು ಮನೆಯವರು ವಹಿಸಿಕೊಳ್ಳಲಿ. ನಿಮಗೆ ನೀವೇ ಅಥವಾ ಮಗುವಿಗೆ ಏನಾದರೂ ಮಾಡಿಬಿಡುವಿರೆಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ. ಮಗುವನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ತಕ್ಷಣವೇ ಆಸ್ಪತ್ರೆಗೆ ಹೋಗಿ.