ಪದಚರ್ಚೆ: ‘ತಾತ್ಕಾಲಿಕ ಒಪ್ಪಂದ’ ಸರಿಯೇ? ನಾಳೆ ಬೆಳಿಗ್ಗೆ ಪ್ರೆಸ್ಸಿಗೆ

ಶಿರಸಿಯಿಂದ:
ಅಂಚೆ ನೌಕರರ ಸಭೆಗೆ ಒಂದು ಕರಪತ್ರ, ಎ4 ಹಾಳೆಯ ಒಂದೇ ಮಗ್ಗುಲು. ವಿಷಯ ಅಮೆರಿಕದ್ದು. ಅಲ್ಲಿಯ ಪೋಸ್ಟ್‌ಮನ್‌ಗಳ ಸಂಘ ಎನ್‌ಎಎಲ್‌ಸಿ. ಅದರ ಮುಂದಾಳುಗಳು 2024ರ ಅಕ್ಟೋಬರಿನಲ್ಲಿ ಅಂಚೆ ಸಂಸ್ಥೆಯ ಜೊತೆ ‘ಟೆಂಟೆಟಿವ್ ಅಗ್ರಿಮೆಂಟ್’ (ಸದಸ್ಯರು ಮತ ಹಾಕಿ ಒಪ್ಪಿದರೆ ಮಾತ್ರ ಜಾರಿಯಾಗುವಂಥದ್ದು) ಮಾಡಿಕೊಂಡರು: ವರ್ಷಕ್ಕೆ ಶೇ. 1.3ರಂತೆ ಸಂಬಳದಲ್ಲಿ ಮೂರು ಏರಿಕೆ. ಹಿಂದಿನ ಒಪ್ಪಂದ ಮುಗಿದಿದ್ದು 2023ರ ಮೇ ತಿಂಗಳಲ್ಲಿ. ಇಷ್ಟು ಕಾಯಿಸಿ ತಂದಿದ್ದು ಇದಾ ಎಂದು ಸಿಟ್ಟಾದ ಸದಸ್ಯರು 2025ರ ಜನವರಿ ಕೊನೆಗೆ ಮತ ಹಾಕಿ ತಳ್ಳಿದರು. ಬೇಡ ಎಂದವರು ಶೇ. 70ಕ್ಕೂ ಹೆಚ್ಚು.

‘ತಾತ್ಕಾಲಿಕ ಒಪ್ಪಂದ’ ಎಂದರೆ ಸ್ವಲ್ಪ ದಿನಕ್ಕಾದರೂ ಜಾರಿಯಲ್ಲಿದೆ ಎಂದಾಗುತ್ತದೆ. ಇದು ಜಾರಿಗೇ ಬರಲಿಲ್ಲ. ಹಾಗೇ ‘ರ‍್ಯಾಂಕ್ ಅಂಡ್ ಫೈಲ್’ಗೂ ಪದ ಬೇಕು, ‘ಸಾಮಾನ್ಯ ಸದಸ್ಯರು’ ಸಪ್ಪೆ. ತಲೆಬರಹಕ್ಕೆ ನಾಲ್ಕೇ ಪದದ ಜಾಗ.

ಕುಮಟಾದಿಂದ:
ತಾತ್ಕಾಲಿಕ ತಪ್ಪು. ‘ಕರಡು’ ಕೂಡ ತಪ್ಪು. ಕರಡನ್ನು ತಿದ್ದಬಹುದು, ಇಲ್ಲಿ ಸದಸ್ಯನಿಗೆ ಹೌದು ಅಥವಾ ಇಲ್ಲ, ಎರಡೇ ದಾರಿ. ಅಡಿಕೆ ಟೆಂಡರ್ ನೆನೆಸಿಕೊಳ್ಳಿ. ಚೀಟಿಯಲ್ಲಿ ಎಷ್ಟೇ ದರ ಬರೆದಿರಲಿ, ಬೆಳೆಗಾರ ಒಪ್ಪದಿದ್ದರೆ ರಾಶಿ ಅಲ್ಲೇ ಕೂರುತ್ತದೆ. ‘ಒಪ್ಪಿಗೆಗಿಟ್ಟ ಕರಾರು’ ಎನ್ನಿ.

‘ಕಾಂಟ್ರಾಕ್ಟ್’ ಎನ್ನಲು ‘ಗುತ್ತಿಗೆ’ ಮಾತ್ರ ಎಲ್ಲೂ ಬರಬಾರದು. ಓದುವವರಲ್ಲಿ ಗ್ರಾಮೀಣ ಡಾಕ್ ಸೇವಕರಿರುತ್ತಾರೆ, ಹಳ್ಳಿ ಅಂಚೆಯಲ್ಲಿ ದುಡಿದರೂ ಕಾಯಂ ನೌಕರರಲ್ಲದವರು. ಅವರ 2001ರ ನಿಯಮಾವಳಿಯ ಹೆಸರಲ್ಲಿದ್ದ ‘ಎಂಪ್ಲಾಯ್‌ಮೆಂಟ್’ 2011ರಲ್ಲಿ ‘ಎಂಗೇಜ್‌ಮೆಂಟ್’ ಆಯಿತು. ಆ ಗಾಯಕ್ಕೆ ಉಪ್ಪು ಹಾಕಿದಂತೆ. ಇಲ್ಲಿ ಕರಾರಿಗೆ ಮತ ಹಾಕುವ ಪದ್ಧತಿಯೇ ಇಲ್ಲ, ಸಮಿತಿ ವರದಿ ಕೊಡುತ್ತದೆ, ಸರ್ಕಾರ ಆದೇಶ ಮಾಡುತ್ತದೆ. 2018ರ ಮೇ 22ರಿಂದ ನಡೆದ ಡಾಕ್ ಸೇವಕರ ಮುಷ್ಕರ, ಅವರ ಸಂಬಳದ ಬಗ್ಗೆ ಕಮಲೇಶ್ ಚಂದ್ರ ಸಮಿತಿ ಕೊಟ್ಟ ವರದಿ ಜಾರಿ ಮಾಡಿ ಎಂದೇ ಅಲ್ಲವೇ? ಆದ್ದರಿಂದ ಮತದಾನದ ಬಗ್ಗೆ ಒಂದು ಸಾಲು ಬಿಡಿಸಿ ಬರೆಯಿರಿ.

ರ‍್ಯಾಂಕ್, ಫೈಲ್ ಎರಡೂ ದಂಡಿನ ಮಾತು: ಅಡ್ಡಸಾಲು, ಉದ್ದಸಾಲು. ಹಾಗಾಗಿ ‘ಸಾಲಾಳು’.

ಹೊನ್ನಾವರದಿಂದ:
ಕರಾರು ಅರಬ್ಬಿ. ನಮ್ಮಲ್ಲಿ ‘ಒಡಂಬಡಿಕೆ’ ಇರುವಾಗ ಕಡ ಏಕೆ? ಅಂಚೆಯಂಥ ಅಪ್ಪಟ ಕನ್ನಡ ಪದವನ್ನು ಉಳಿಸಿಕೊಂಡ ಕ್ಷೇತ್ರದಲ್ಲಿ ಇದು ಶೋಭೆಯಲ್ಲ. ಹಂಸವೇ ಅಂಚೆ, ದಮಯಂತಿಗೆ ನಳನ ಸುದ್ದಿ ಒಯ್ದ ಹಕ್ಕಿ. ಸಾಲಾಳು ಒಳ್ಳೆಯ ಕಟ್ಟಣೆ.

ಕಾರವಾರದಿಂದ:
ಸಾಲಾಳು ಎಂದರೆ ಸಾಲ ತೀರಿಸಲು ದುಡಿಯುವ ಆಳು. ಮುಂದೆ ಹೋಗೋಣ.

ಹಂಸದಿಂದ ಅಂಚೆ ಬಂತು ಎನ್ನುವವರೇ ಅದನ್ನು ಅಪ್ಪಟ ಕನ್ನಡ ಎನ್ನುತ್ತೀರಿ. ಹಂಸ ಯಾವ ಭಾಷೆಯದು? ಹಕ್ಕಿಯ ಮಟ್ಟಿಗೆ ಆ ತದ್ಭವ ಸರಿ; ಕಾಗದದ ಅಂಚೆಗೂ ಅದನ್ನೇ ಕಟ್ಟುವುದು ಚೆಂದದ ಕತೆ, ಅಷ್ಟೇ. ಅಂಚೆ ಮೈಸೂರಿನ ವ್ಯವಸ್ಥೆ, 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿತು. ಈ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು, ಇಲ್ಲಿಯದು ಟಪಾಲು.

ಒಡಂಬಡಿಕೆಯೂ ಬೇಡ. ಬೈಬಲಿನ ಎರಡನೇ ಭಾಗದ ಹೆಸರೇ ‘ಹೊಸ ಒಡಂಬಡಿಕೆ’. ‘ಹೊಸ ಒಡಂಬಡಿಕೆಗೆ ವಿರೋಧ’ ಎಂದು ಅಚ್ಚಾದರೆ ಕರಾವಳಿಯಲ್ಲಿ ಇಗರ್ಜಿಯ ಜಗಳ ಎಂದು ಓದುತ್ತಾರೆ. ಕರಾರು ಬೇಡವಾದವರು ‘ಕರಾರುವಾಕ್ಕಾಗಿ’ ಎನ್ನುವುದನ್ನೂ ಬಿಡಲಿ.

ಮತ್ತೊಂದು, ‘ಮಧ್ಯಸ್ಥಿಕೆ’ ಬರೆದಿದ್ದರೆ ತೆಗೆಯಿರಿ. ಅಲ್ಲಿಯ ಅಂಚೆ ನೌಕರರು ಮುಷ್ಕರ ಹೂಡುವುದಕ್ಕೆ ಕಾನೂನಿನ ತಡೆಯಿದೆ. ಮತದಲ್ಲಿ ಬಿದ್ದದ್ದು ಹೋಗುವುದು ಆರ್ಬಿಟ್ರೇಟರ್ ಮುಂದೆ, ಅವನು ಹೇಳಿದ್ದೇ ಕೊನೆ. 2025ರ ಮಾರ್ಚ್‌ನಲ್ಲಿ ಶೇ. 1.3, 1.4, 1.5 ಎಂದು ತೀರ್ಪು ಬಂತು. ಮಧ್ಯಸ್ಥನ ಮಾತನ್ನು ಒಲ್ಲೆ ಎನ್ನಬಹುದು, ಇವನದನ್ನು ಆಗದು. ಮರಾಠಿಯಲ್ಲಿ ‘ಲವಾದ’ ಎಂದರೆ ಒಂದೇ ಪದದಲ್ಲಿ ಮುಗಿಯುತ್ತದೆ.

ಹೊನ್ನಾವರದಿಂದ:
ಕಾರವಾರದಲ್ಲಿ ಕೂತು ಮರಾಠಿ ಪದ ಬೇಡುವುದೊಂದು ಬಾಕಿ ಇತ್ತು.

ಕಾರವಾರದಿಂದ:
ಟಪಾಲನ್ನೂ ಅಲ್ಲಿಂದಲೇ ತಂದದ್ದು. ನಿಮ್ಮಜ್ಜ ಹಾಕಿದ್ದು ಟಪಾಲೋ ಹಂಸವೋ?

ಹೊನ್ನಾವರದಿಂದ:
ಅಜ್ಜನನ್ನು ಬಿಡಿ. ಹಾಗಾದರೆ ‘ಮುಷ್ಕರ’ವನ್ನೂ ಹೊರಹಾಕಿ. ಮೂಲದಲ್ಲಿ ಅದು ಹಟಮಾರಿತನ. ತೆಲುಗು ಪತ್ರಿಕೆಗಳಲ್ಲಿ ಮುಷ್ಕರರು ಎಂದರೆ ಭಯೋತ್ಪಾದಕರು.

ಕುಮಟಾದಿಂದ:
ಕರಪತ್ರ ತೆಲುಗಿನಲ್ಲಲ್ಲ. ಆರ್ಬಿಟ್ರೇಟರ್ ಹೇಳಿದ್ದಕ್ಕೆ ‘ಪಂಚರ ತೀರ್ಪು’ ಸಾಕು, ಹಳ್ಳಿಯಲ್ಲಿ ಬಿಡಿಸಿ ಹೇಳುವುದೇ ಬೇಡ. ಸಾಲಾಳು ಹಿಂದೆ ತೆಗೆದುಕೊಂಡೆ.

ಶಿರಸಿಯಿಂದ:
ತಲೆಬರಹದಲ್ಲಿ ನಾಮಪದವನ್ನೇ ಬಿಟ್ಟೆ: ‘ಮುಂದಾಳುಗಳು ಒಪ್ಪಿದರು, ಸದಸ್ಯರು ಒಪ್ಪಲಿಲ್ಲ’. ನಾಲ್ಕು ಪದ. ಒಳಗೆ ‘ಒಪ್ಪಿಗೆಗಿಟ್ಟ ಕರಾರು’, ‘ಪಂಚರ ತೀರ್ಪು’. ಅಂಚೆಯೋ ಟಪಾಲೋ ಎಂಬಲ್ಲೆಲ್ಲ ‘ಪೋಸ್ಟು’ ಹಾಕಿದ್ದೇನೆ.

ಹೊನ್ನಾವರದಿಂದ:
ಪೋಸ್ಟು!