ಸಹಾಯ ಬೇಕು: ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಹುಟ್ಟುಹಬ್ಬ, ಕರಾವಳಿ ಕ್ಯಾಥೊಲಿಕರ ಹೊಸ ಬೆಳೆಯ ಹಬ್ಬ) ಬೆಂಗಳೂರಿನ ನಮ್ಮ ಚರ್ಚಿಗೆ ಹಸಿ ತೆನೆ ಬೇಕು, ಸುಮಾರು 200 ಮನೆಗೆ. ಮಂಡ್ಯ ಕಡೆ ವಿಚಾರಿಸಿದೆವು, ಅಷ್ಟು ಹೊತ್ತಿಗೆ ತೆನೆ ಕಟ್ಟಿರುವುದಿಲ್ಲ ಅಂದರು. ಕರಾವಳಿಯಲ್ಲಿ ಬೇಗ ನಾಟಿ ಮಾಡಿದವರು ಯಾರಾದರೂ ಇದ್ದೀರಾ?

ಮನೆಗೊಂದು ತೆನೆ ಸಾಕು. ಫಾದರ್ ಆಶೀರ್ವದಿಸಿ ಕೊಟ್ಟಿದ್ದನ್ನು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ತಿನ್ನಬೇಕಲ್ವಾ? ಒಂಬತ್ತು ದಿನ ಮಾತೆಗೆ ಹೂ ಹಾಕಲು ಬರುವ ಇಲ್ಲಿನ ಎಷ್ಟೋ ಮಕ್ಕಳು ಗದ್ದೆಯನ್ನೇ ನೋಡಿಲ್ಲ. ಪ್ಲಾಸ್ಟಿಕ್ ತೆನೆ ತರೋಣ ಅಂತ ಒಬ್ಬರು ಸಲಹೆ ಕೊಟ್ಟರು! ಅದನ್ನು ಪಾಯಸಕ್ಕೆ ಹಾಕೋದು ಹೇಗೆ?

6ರ ರಾತ್ರಿ ಮಂಗಳೂರಿನಿಂದ ಬಸ್ಸಿಗೆ ಹಾಕಿದರೆ ಸಾಕು. ತೆನೆಯ ದುಡ್ಡು, ಬಸ್ಸಿನ ಖರ್ಚು ನಮ್ಮದು. ಒದ್ದೆ ಗೋಣಿಯಲ್ಲಿ ಸುತ್ತಿದರೆ ಬಾಡುವುದಿಲ್ಲ ಅಂತಾರೆ, ನಿಜಾನಾ? ಗೊತ್ತಿದ್ದವರು ತಿಳಿಸಿ.